ಬೈರಮ್ಮನ ಎಂಟನೇ ಕ್ಲಾಸು

ಬೈರಮ್ಮನ ಮುತ್ತಾತ ದೊಡ್ಡಬೈರಪ್ಪ ನಮ್ಮೂರ ಕೆರೆಗೆ ಕಲ್ಲಿನ ತೂಬು ಕೂರಿಸಿದವನು. ಮಣ್ಣಿನ ತೂಬು ಮೂರು ಮಳೆಗಾಲ ಕೊಚ್ಚಿಕೊಂಡು ಹೋದ ಮೇಲೆ ಹನ್ನೊಂದು ಜೊತೆ ಎತ್ತು ಕಟ್ಟಿಸಿ, ಗುಡ್ಡದಿಂದ ಒಂದೇ ಬಂಡೆಯನ್ನು ಎಳೆಸಿ ತಂದ. ಅದು ಇವತ್ತಿಗೂ ಅಲುಗಿಲ್ಲ. ಅವನ ಸೊಸೆ ಚಿಕ್ಕತಾಯಮ್ಮ, ಅಂದರೆ ಬೈರಮ್ಮನ ಅಜ್ಜಿ, ಪ್ಲೇಗಿನ ವರ್ಷ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ತಾನೊಬ್ಬಳೇ ದಿನವೂ ಊರೊಳಕ್ಕೆ ಹೋಗಿ, ಬಿಟ್ಟುಬಂದ ದನಗಳಿಗೆಲ್ಲ ನೀರು ಸೇದಿ ಹಾಕಿ ಬರುತ್ತಿದ್ದಳು. ಅವಳ ಮಗ ಪಾಪಯ್ಯ ಬೈರಮ್ಮನ ತಂದೆ. ಬಾಗಲೂರು ಸುತ್ತಿನ ನಮ್ಮ ನಾಲ್ಕು ಹಳ್ಳಿಗಳಲ್ಲಿ ಹಿಪ್ಪುನೇರಳೆ ಕಡ್ಡಿ ಮೊದಲು ನೆಟ್ಟವನು ಅವನೇ. ಡೆಂಕಣಿಕೋಟೆ ಕಡೆಯಿಂದ ಕಡ್ಡಿಯ ಹೊರೆ ಹೊತ್ತು ನಡೆದೇ ಬಂದಾಗ ಜನ ನಕ್ಕಿದ್ದರು. ರಾಗಿ ಬೆಳೆಯೋ ನೆಲದಾಗೆ ಹುಳಕ್ಕೆ ಮೇವು ಹಾಕ್ತಾನೆ ನೋಡ್ರಲಾ ಅಂದಿದ್ದರು. ನಾಲ್ಕು ವರ್ಷದಲ್ಲಿ ನಕ್ಕವರೇ ಬಂದು ಅವನ ಹತ್ತಿರ ಕಡ್ಡಿ ಕೇಳಿದರು.

ಇಷ್ಟೆಲ್ಲ ಮಾಡಿದ ಈ ಮೂವರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಕಾಗದ ಎದುರಿಗೆ ಬಂದರೆ ಹೆಬ್ಬೆಟ್ಟಿಗೆ ಮಸಿ ಹಚ್ಚುವುದು, ಅಷ್ಟೇ. ಆ ವಂಶದಲ್ಲಿ ಅಕ್ಷರ ಕಂಡವನು ನಾನೊಬ್ಬ, ಮುನಿವೆಂಕಟಪ್ಪ. ಪಾಪಯ್ಯನೂ ನಾನೂ ಅಣ್ಣ ತಮ್ಮಂದಿರ ಮಕ್ಕಳು, ನಾನು ನಾಲ್ಕು ವರ್ಷ ದೊಡ್ಡವನು. ದನ ಕಾಯುತ್ತ, ಸಂತೆಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದಗಳನ್ನು ಬಿಡಿಸಿಟ್ಟುಕೊಂಡು, ಹಳೇ ಪಂಚಾಂಗದ ಎದುರು ಹಿಡಿದು ಹೊಂದಿಸಿ ಹೊಂದಿಸಿ ಕಲಿತೆ. ಕನ್ನಡ ಬಂತು, ಅದರ ಹಿಂದೆಯೇ ತೆಲುಗೂ ಬಂತು. ಪಾಠ ಹೇಳಿದ ಮೇಷ್ಟರು ಯಾರೂ ಇಲ್ಲ. ಊರಿನ ಟಪಾಲೆಲ್ಲ ನನ್ನ ಜಗಲಿಗೇ ಬರುತ್ತಿತ್ತು, ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಹುಟ್ಟುತ್ತಿದ್ದವು. ಮೂವತ್ತು ವರ್ಷ ಹಾಗೆ ನಡೆಯಿತು. ಇದನ್ನು ಹೇಳಿಕೊಳ್ಳಲೇಬೇಕು. ಇಲ್ಲದಿದ್ದರೆ ಬೈರಮ್ಮನಿಗೆ ಅಡ್ಡ ಬಂದದ್ದು ಏನು ಅನ್ನುವುದು ಓದುವವರಿಗೆ ತಿಳಿಯುವುದಿಲ್ಲ.

ಈಗ ನಮ್ಮೂರ ಬಾಲವಾಡಿಯಲ್ಲಿ ನಲವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಊಟ ಹಾಕಿಸುವ, ಹಾಡು ಹೇಳಿಕೊಡುವ ಬೈರಮ್ಮನನ್ನು ನೋಡಿದವರಿಗೆ, ಎಪ್ಪತ್ತೈದನೇ ಇಸವಿಯಲ್ಲಿ ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಮ್ಮನ ಬಾಗಿಲಿಗೆ ಬಂದು ನಿಂತವಳು ಇವಳೇ ಎಂದರೆ ನಂಬಿಕೆ ಬರಲಾರದು. ಗಂಡ ರಾಮಕೃಷ್ಣಪ್ಪ ಲಾರಿಯಲ್ಲಿ ಕ್ಲೀನರಾಗಿ ಸೇರಿ, ಡ್ರೈವರಾಗಿ, ಕೃಷ್ಣಗಿರಿಯಲ್ಲಿ ಇನ್ನೊಂದು ಮನೆ ಮಾಡಿಬಿಟ್ಟಿದ್ದ. ಇವಳು ಒಂದು ಸಲ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದಳು. ಅತ್ತದ್ದನ್ನು ನಾವು ಯಾರೂ ಕಾಣಲಿಲ್ಲ.

ತಮ್ಮ ವೆಂಕಟೇಶಪ್ಪ ಒಳ್ಳೆಯವನು, ಆದರೆ ಮಾತಿಗೆ ಮೊದಲು ಹೆಂಡತಿಯ ಮುಖ ನೋಡುವವನು. ಆ ಹೆಂಡತಿ ವರಲಕ್ಷ್ಮಮ್ಮನಿಗೆ ಗಂಡನ ಅಕ್ಕ ಬಂದದ್ದು ಕೂಲಿ ಇಲ್ಲದ ಆಳು ಬಂದ ಹಾಗಾಯಿತು. ಸೊಪ್ಪು ಕುಯ್ಯುವುದು, ಹೆಚ್ಚುವುದು, ತಟ್ಟೆ ತೆಗೆಯುವುದು, ಕಸ ಬಳಿಯುವುದು, ರೇಷ್ಮೆ ಹುಳು ಸಾಕುವ ಮನೆಯ ಕೆಲಸವೆಲ್ಲ ಬೈರಮ್ಮನದು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಹೆಸರು ಬರೆಯುವಷ್ಟು ಮಾತ್ರ ನೆನಪಿತ್ತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ದೊಡ್ಡವರಿಗೆ ಓದು ಹೇಳಿಕೊಡುವ ಕ್ಲಾಸು ನಮ್ಮೂರಿಗೂ ಬಂತು. ಹೊಸೂರಿನ ಜಾನಕಮ್ಮ ಎಂಬ ಟೀಚರಮ್ಮ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದು, ಮಧ್ಯಾಹ್ನ ಸ್ಕೂಲಿನ ವರಾಂಡದಲ್ಲಿ ಹೆಂಗಸರನ್ನು ಕೂರಿಸಿ ಪಾಠ ಮಾಡುತ್ತಿದ್ದರು. ಮೊದಲ ದಿನ ಹದಿನಾಲ್ಕು ಜನ. ನಾನು ಬೇಕೆಂದೇ ಆ ದಾರಿಯಲ್ಲಿ ಹೋದೆ.

"ಏನಮ್ಮಣ್ಣೀರಾ, ಎಲ್ಲಾ ಕಲೆಕ್ಟ್ರಾಗ್ತೀರಾ?" ಎಂದೆ.

ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಬೈರಮ್ಮ ಮಾತ್ರ ಸ್ಲೇಟಿನಿಂದ ತಲೆ ಎತ್ತಲಿಲ್ಲ. ಜಾನಕಮ್ಮ, "ಬನ್ನಿ ಯಜಮಾನರೇ, ನೀವೂ ಕೂತ್ಕೊಳ್ಳಿ, ಜಾಗ ಇದೆ" ಎಂದರು. ಆಡಿದ್ದು ಮರ್ಯಾದೆಯ ಮಾತೇ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕೂತುಕೋ ಎನ್ನುವುದೇ?

ಆರು ತಿಂಗಳಿಗೆ ಹದಿನಾಲ್ಕು ಜನ ಐದಾದರು, ವರ್ಷಕ್ಕೆ ಇವಳೊಬ್ಬಳೇ ಉಳಿದಳು. ಕ್ಲಾಸು ಮುಗಿದುಹೋದರೂ ಜಾನಕಮ್ಮ ಇವಳಿಗಾಗಿ ವಾರಕ್ಕೊಂದು ಸಲ ಬರುವುದನ್ನು ಬಿಡಲಿಲ್ಲ. "ಎಂಟನೇ ಕ್ಲಾಸಿನ ಪರೀಕ್ಷೆಯನ್ನ ಹೊರಗಿನಿಂದಲೇ ಕಟ್ಟಬಹುದು ಬೈರಮ್ಮ. ಎರಡು ವರ್ಷ ಓದಿದರೆ ಸಾಕು. ಎಂಟು ಪಾಸಾದ, ಒಂಟಿಯಾಗಿರೋ ಹೆಂಗಸರಿಗೆ ಬಾಲವಾಡೀಲಿ ಕೆಲಸ ಸಿಗೋ ಮಾತಿದೆ" ಎಂದಿದ್ದರಂತೆ. ಅವತ್ತಿನಿಂದ ಬೈರಮ್ಮನಿಗೆ ಅದೊಂದೇ ಗುರಿ. ಯಾಕೆಂದರೆ ಮಗಳು ಸರಸಿ ಬೆಳೆಯುತ್ತಿದ್ದಳು, ಮತ್ತು ವರಲಕ್ಷ್ಮಮ್ಮ ಆಗಲೇ ಆ ಹುಡುಗಿಯ ಕೈ ಅಳತೆ ನೋಡಲು ಶುರುಮಾಡಿದ್ದಳು. "ಐದಾದ್ರೆ ಸಾಕು ಕಣತ್ಗೆ, ಆಮ್ಯಾಕೆ ಸೊಪ್ಪಿಗೆ ಬರ್ಲಿ. ನಾವೇನ್ ಓದಿದ್ವಾ?" ಎಂದು ದಿನಾ ಒಂದು ಸಲ ಹೇಳುತ್ತಿದ್ದಳು. ಕೆಲಸ ಸಿಕ್ಕಿದರೆ ಬೇರೆ ಒಲೆ ಹೂಡಬಹುದು, ಮಗಳನ್ನು ಓದಿಸಬಹುದು. ಸಿಗದಿದ್ದರೆ ಮಗಳೂ ತನ್ನ ಹಾಗೆಯೇ ಹುಳು ಮನೆಯಲ್ಲಿ ಕಸ ಬಳಿಯಬೇಕು.

ಇವಳು ಓದಿದ ರೀತಿಯನ್ನು ಹೇಳಬೇಕು. ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಹುಳು ಪೊರೆ ಕಳಚುವ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ. ಆಗ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಮುಟ್ಟುವ ಹಾಗಿಲ್ಲ. ಊರಿನ ಹೆಂಗಸರೆಲ್ಲ ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತಾರೆ, ತವರಿಗೆ ಹೋಗಿ ಬರುತ್ತಾರೆ. ಬೈರಮ್ಮ ಆ ದಿನ ಓದುತ್ತಿದ್ದಳು. ಮೊದಲನೇ ಜ್ವರಕ್ಕೆ ಲೆಕ್ಕ, ಎರಡನೇ ಜ್ವರಕ್ಕೆ ವಿಜ್ಞಾನ, ಹೀಗೆ. ಮಗಳ ಐದನೇ ಕ್ಲಾಸಿನ ಪುಸ್ತಕವೇ ತಾಯಿಗೂ ಐದನೇ ಕ್ಲಾಸು. ಮಗಳು ಆರಕ್ಕೆ ಹೋಗುವ ಹೊತ್ತಿಗೆ ತಾಯಿ ಏಳನ್ನು ಮುಗಿಸುತ್ತಿದ್ದಳು. "ನಮ್ಮವ್ವ ನನ್ನ ಹಿಂದಿಕ್ಕಿಬುಟ್ಳು" ಎಂದು ಆ ಮಗು ಬೀದಿಯಲ್ಲಿ ಸಾರಿಕೊಂಡು ಬಂದಿತ್ತು.

ಇದನ್ನೆಲ್ಲ ನಾನು ನೋಡುತ್ತಿದ್ದೆ, ನಗುತ್ತಲೂ ಇದ್ದೆ. ನಗು ನಿಂತದ್ದು ಎಂಬತ್ತರ ಸುಗ್ಗಿಯ ಹೊತ್ತಿಗೆ.

ನಾರಾಯಣಮ್ಮ ಎಂಬ ಮುದುಕಿ ನಮ್ಮ ಬೀದಿಯ ಕೊನೆಯ ಮನೆಯವಳು. ಅವಳ ಮಗ ಸೇಲಂ ಕಡೆ ಮಿಲ್ಲಿನಲ್ಲಿದ್ದ. ತಿಂಗಳಿಗೊಂದು ಕಾಗದ ಹಾಕುತ್ತಿದ್ದ. ನಾನು ಓದಿ ಹೇಳುವುದು, ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಒಂದು ಹಿಡಿ ಅವರೆಕಾಯಿ ಇಟ್ಟು ಹೋಗುವುದು ಹಳೆಯ ಪದ್ಧತಿ. ಅವತ್ತು ಟಪಾಲಿನವನು ನನ್ನ ಜಗಲಿಯ ಮೇಲೆಯೇ ಅವಳ ಕೈಗೆ ಕಾಗದ ಕೊಟ್ಟ. ಅವಳು ಅದನ್ನು ಮಡಿಲಿಗೆ ಸಿಕ್ಕಿಸಿಕೊಂಡಳು. ನಾನು ಕನ್ನಡಕ ಹಾಕಿಕೊಂಡೆ.

"ಕೊಡಮ್ಮೀ, ಏನ್ ಬರ್ದವ್ನೆ ನೋಡಾನ."

"ಇರ್ಲಿ ಬುಡಪ್ಪಾ, ನಿಂಗ್ಯಾಕೆ ತೊಂದ್ರೆ. ಬೈರಿ ತಾವ ಓದಿಸ್ಕತೀನಿ."

"ಬೈರಿ ತಾವ? ಅವ್ಳಿಗೇನ್ ಬತ್ತದೆ?"

"ಬತ್ತದೆ ಕಣಪ್ಪಾ. ನೀನಾದ್ರೆ ಮಧ್ಯ ಮಧ್ಯ ಬುದ್ಧಿ ಹೇಳ್ತೀಯ. ಅದು ನನ್ ಮಗ ಹೇಳಿದ್ದೋ ನೀ ಹೇಳಿದ್ದೋ ನಂಗೆ ಗೊತ್ತಾಗಾಕಿಲ್ಲ. ಅವ್ಳು ಬರ್ದಿರೋದ್ನ ಮಾತ್ರ ಓದ್ತಾಳೆ."

ಹೇಳಿದವಳೇ ಇಳಿದು ಹೋಗಿಬಿಟ್ಟಳು. ಒಳಗಿನಿಂದ ನನ್ನ ಹೆಂಡತಿ ರಾಮಲಕ್ಷ್ಮಮ್ಮ ಕಿಸಕ್ಕೆಂದದ್ದು ಕೇಳಿಸಿತು.

ವೆಂಕಟೇಶಪ್ಪನ ಹುಳು ಮನೆ ನನ್ನ ಜಗಲಿಗೆ ಎದುರು ಸಾಲಿನಲ್ಲೇ. ಬೈರಮ್ಮ ಹೊಸ್ತಿಲ ಹೊರಗೆ ಕೂತು ಆ ಕಾಗದ ಓದಿದಳು. ನಾನು ಬೀಡಿ ಹಚ್ಚುವುದನ್ನೂ ಮರೆತು ಕಿವಿ ಕೊಟ್ಟೆ. ಎಲ್ಲಾದರೂ ಎಡವುತ್ತಾಳೆ ಎಂದು ಕಾದೆ. ಒಂದು ಒತ್ತಕ್ಷರಕ್ಕೆ ತಡವರಿಸಿದರೂ ಸಾಕಿತ್ತು, ಅವತ್ತು ರಾತ್ರಿ ನೆಮ್ಮದಿಯಾಗಿ ಉಣ್ಣುತ್ತಿದ್ದೆ. ಎಡವಲಿಲ್ಲ. ಆ ಹುಡುಗ ಸಂಕೋಚಪಟ್ಟುಕೊಂಡು ಬರೆದ ಒಂದು ಮಾತನ್ನೂ ಬಿಡದೆ, ತಾನಾಗಿ ಒಂದು ಮಾತನ್ನೂ ಸೇರಿಸದೆ, ನೀರು ಹರಿದ ಹಾಗೆ ಓದಿದಳು. ನಾರಾಯಣಮ್ಮ ಅವಳ ತಲೆ ಸವರಿ ಹೋದಳು. ಒಂದು ಹಿಡಿ ಅವರೆಕಾಯಿ ಹೋದದ್ದಕ್ಕೆ ಗಂಡಸು ಹೊಟ್ಟೆ ಉರಿದುಕೊಳ್ಳುತ್ತಾನೆಯೇ ಎಂದು ನೀವು ಕೇಳಬಹುದು. ಉರಿದುಕೊಳ್ಳುತ್ತಾನೆ.

ಆಮೇಲೆ ಒಬ್ಬೊಬ್ಬರಾಗಿ ಅತ್ತ ಸರಿದರು. ಜಾನಕಮ್ಮ ಇವಳಿಗೆ ತಮಿಳು ಬರೆಯುವುದನ್ನೂ ಹೇಳಿಕೊಟ್ಟಿದ್ದರು. ನಾನು ತಮಿಳು ಮಾತಾಡುವೆ, ಬರೆಯಲಾರೆ. ನಮ್ಮ ಸೀಮೆ ತಮಿಳು ರಾಜ್ಯಕ್ಕೆ ಸೇರಿದ್ದರಿಂದ ಕಚೇರಿಗಳಲ್ಲಿ ದಿನದಿನಕ್ಕೆ ತಮಿಳು ಅರ್ಜಿಗೇ ಬೇಗ ಕೆಲಸ ಆಗುತ್ತಿತ್ತು. ಎರಡು ಅರ್ಜಿ ನನ್ನ ಕಣ್ಣೆದುರೇ ಅವಳ ಕೈಯಲ್ಲಿ ಬರೆಸಿಕೊಂಡು ಹೋದರು. ಆದರೂ ನನ್ನನ್ನು ಹೆಚ್ಚು ಚುಚ್ಚಿದ್ದು ಇದಲ್ಲ. ನಾನು ಮೂವತ್ತು ವರ್ಷ ಬರೆದೆ, ಓದಿದೆ. ನನಗೆ ಓದು ಬರುತ್ತದೆ ಎಂದು ಹೇಳುವ ಒಂದು ತುಂಡು ಕಾಗದ, ಒಂದು ಸೀಲು ನನ್ನ ಹತ್ತಿರ ಇರಲಿಲ್ಲ. ಯಾವ ಕಚೇರಿಗೆ ಹೋದರೂ, "ಎಷ್ಟನೇ ಕ್ಲಾಸು ಓದಿದ್ದೀರಿ?" ಎಂದರೆ ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ನಾಳೆ ಇವಳ ಕೈಗೆ ಆ ಕಾಗದ ಬರುತ್ತದೆ. ಸೊಪ್ಪು ಹೆಚ್ಚುವವಳಿಗೆ ಸೀಲು ಬೀಳುತ್ತದೆ. ಅದನ್ನು ನೆನೆದರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಪರೀಕ್ಷೆಯ ಫಾರಂ ಬಂತು. ಹೊಸೂರಿನಲ್ಲಿ ಫೋಟೋ ತೆಗೆಸಿ, ಒಂದನ್ನು ಅಂಟಿಸಿ, ಎಲ್ಲವನ್ನೂ ತಾನೇ ಬರೆದು ಬೈರಮ್ಮ ನನ್ನ ಹತ್ತಿರ ಬಂದಳು. ಒಂದು ಕಡೆ ಮಾತ್ರ ಖಾಲಿ ಬಿಟ್ಟಿದ್ದಳು.

"ದೊಡ್ಡಪ್ಪಾ, ಇಲ್ಲೊಂದು ಬರ್ದುಕೊಡು."

"ಎಲ್ಲಾ ಬಂದೋಳಿಗೆ ಇದೊಂದು ಬರಾಕಿಲ್ವಾ?"

"ಯಜಮಾನ್ರ ಹೆಸ್ರು ಕೇಳವ್ರೆ."

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಬಿಟ್ಟುಹೋದ ಗಂಡನಾದರೂ ಅಷ್ಟೇ. ರೇಷನ್ ಕಾರ್ಡಿಗೆ ಹೆಸರು ಬರೆಸುವಾಗ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ಅವರಿಂದ ಹೇಳಿಸುತ್ತಾರೆ. ಬೈರಮ್ಮನಿಗೆ ಐದು ಪೇಪರ್ ಬರೆಯುವ ಧೈರ್ಯ ಇತ್ತು, ಈ ಒಂದು ಹೆಸರು ಬರೆಯುವ ಧೈರ್ಯ ಇರಲಿಲ್ಲ. ಅದಕ್ಕೆ ನನ್ನ ಕೈ ಬೇಕಾಯಿತು. ನನಗೆ ಬಹಳ ದಿನಗಳ ಮೇಲೆ ಹಾಯ್ ಅನ್ನಿಸಿತು.

"ಇಟ್ಟೋಗು. ಸೋಮವಾರ ಹೊಸೂರಿಗೆ ಹೋಗ್ತಿವ್ನಿ. ಬರ್ದು ನಾನೇ ಕಚೇರೀಲಿ ಕೊಟ್ಟು ಬತ್ತೀನಿ."

"ಕಡೇ ದಿನ ಶುಕ್ರವಾರವಂತೆ ದೊಡ್ಡಪ್ಪಾ."

"ಗೊತ್ತು ಹೋಗಮ್ಮೀ."

ಹೆಸರು ಬರೆದೆ. ಸೋಮವಾರ ಹೊಸೂರಿಗೂ ಹೋದೆ. ಕಚೇರಿಯ ಮುಂದೆಯೂ ಹಾದೆ. ಚೀಲದೊಳಗೆ ಕೈ ಹಾಕಿ ಫಾರಮನ್ನು ಮುಟ್ಟಿಕೊಂಡೆ, ಒಳಕ್ಕೆ ಕಾಲಿಡಲಿಲ್ಲ. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಅದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ಮನೆಗೆ ಬಂದು ಟ್ರಂಕಿನಲ್ಲಿ ಪಂಚಾಂಗಗಳ ಕೆಳಗೆ ಇಟ್ಟೆ. ಶುಕ್ರವಾರ ಬಂತು, ಹೋಯಿತು. ಎದುರು ಸಿಕ್ಕಿದ ಬೈರಮ್ಮ, "ಕೊಟ್ಟಾ ದೊಡ್ಡಪ್ಪಾ?" ಎಂದಳು. "ಕೊಟ್ಟೆ ಕಣಮ್ಮೀ" ಎಂದೆ. ನಾಲಿಗೆ ತಡವರಿಸಲಿಲ್ಲ.

ಇದರಿಂದ ಆದದ್ದೇನು ಎಂಬುದನ್ನೂ ಬರೆಯಬೇಕು. ಪರೀಕ್ಷೆಯ ವಾರಕ್ಕೂ ಹುಳು ಹಣ್ಣಾಗಿ ಗೂಡು ಕಟ್ಟುವ ವಾರಕ್ಕೂ ಸರಿಯಾಗಿ ಬಡಿದಾಡುವ ಹಾಗಿತ್ತು. ಆಗ ಒಂದು ಜೊತೆ ಕೈ ಕಡಮೆಯಾದರೂ ಬೆಳೆ ಕೆಡುತ್ತದೆ. ಬೈರಮ್ಮ ಸ್ಲೇಟಿನ ಮೇಲೆ ಮೊಟ್ಟೆ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಎಣಿಸಿ, ಮೊಟ್ಟೆಯನ್ನು ಹನ್ನೆರಡು ದಿನ ತಡವಾಗಿ ತಂದರೆ ಪರೀಕ್ಷೆ ಮುಗಿದ ಮೇಲೆ ಹುಳು ಹಣ್ಣಾಗುತ್ತದೆ ಎಂದು ತಮ್ಮನಿಗೆ ತೋರಿಸಿದಳು. ವೆಂಕಟೇಶಪ್ಪ ಮೊದಲ ಸಲ ಹೆಂಡತಿಯ ಮುಖ ನೋಡದೆ, "ಆಗ್ಲಿ ಅಕ್ಕಾ" ಎಂದ. ಮೊಟ್ಟೆ ತಡವಾಯಿತು. ಸೊಪ್ಪು ತೋಟದಲ್ಲೇ ಬಲಿತು ಒರಟಾಯಿತು. ಪರೀಕ್ಷೆಗೆ ಹತ್ತು ದಿನ ಇರುವವರೆಗೂ ಹಾಲ್ ಟಿಕೆಟ್ ಬರುತ್ತದೆಂದು ಕಾದಳು. ಟಪಾಲಿನವನು ದೂರದಲ್ಲಿ ಕಂಡರೆ ಸೊಪ್ಪಿನ ಕುಕ್ಕೆ ಇಳಿಸಿ ನಿಲ್ಲುತ್ತಿದ್ದಳು. ನಾನು ಜಗಲಿಯ ಮೇಲಿನಿಂದ ಅದನ್ನು ದಿನವೂ ನೋಡಿದೆ. ಬರಲಿಲ್ಲ. ಜಾನಕಮ್ಮನವರ ಜೊತೆ ಕಚೇರಿಗೆ ಹೋಗಿ ಕೇಳಿದರೆ ಆ ಹೆಸರಿನ ಫಾರಮೇ ಬಂದಿಲ್ಲ ಎಂದರಂತೆ.

"ಟಪಾಲು ಕಚೇರೀಲಿ ಕಳ್ದೋಗೈತೆ ಕಣಮ್ಮೀ" ಎಂದೆ.

"ನೀನು ಕೈಯಾರೆ ಕೊಟ್ಟೆ ಅಂದಿದ್ದೆ ದೊಡ್ಡಪ್ಪಾ."

"ಕೊಟ್ಟೆ. ಅವ್ರು ಕಳದವ್ರೆ. ಸರ್ಕಾರದೋರ ಕೆಲ್ಸ ನಂಗೊತ್ತಿಲ್ವಾ?"

ಅವಳು ಸೊಪ್ಪಿನ ಕುಕ್ಕೆ ತಲೆಗೇರಿಸಿಕೊಂಡು ಹೋದಳು. ಬಲಿತ ಸೊಪ್ಪು ತಿಂದ ಹುಳು ತೆಳ್ಳಗಿನ ಗೂಡು ಕಟ್ಟಿತು. ವರಲಕ್ಷ್ಮಮ್ಮ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದಳು. "ಓದ್ತಾಳಂತೆ ಓದು! ಪರೀಕ್ಷೆನೂ ಇಲ್ಲ, ಗೂಡೂ ಇಲ್ಲ! ನನ್ ಬೆಳೆ ತಿಂದ್ಬುಟ್ಳಲ್ಲಪ್ಪಾ! ನಾಳೆಯಿಂದ ಆ ಹುಡ್ಗಿ ಸ್ಕೂಲಿಗೋದ್ರೆ ಕಾಲು ಮುರೀತೀನಿ!" ಸರಸಿ ಆ ಮಳೆಗಾಲ ಪೂರ್ತಿ ಸ್ಕೂಲಿಗೆ ಹೋಗಲಿಲ್ಲ. ಕುಕ್ಕೆ ಹೊತ್ತು ತಾಯಿಯ ಹಿಂದೆ ನಡೆಯುತ್ತಿದ್ದಳು. ಆಗಲಾದರೂ ನನಗೆ ಪಶ್ಚಾತ್ತಾಪ ಆಗಬೇಕಿತ್ತು. ನಿಜ ಹೇಳುತ್ತೇನೆ, ಆಗಲಿಲ್ಲ. ನಾರಾಯಣಮ್ಮ ಮತ್ತೆ ನನ್ನ ಹತ್ತಿರ ಕಾಗದ ತಂದಳೇ ಎಂದು ನೋಡುತ್ತಿದ್ದೆ. ತರಲಿಲ್ಲ.

ಮಳೆಗಾಲ ಮುಗಿದ ಮೇಲೆ ನನ್ನ ಹೆಂಡತಿ ಟ್ರಂಕನ್ನು ಬಿಸಿಲಿಗೆ ಇಟ್ಟಳು. ನಾನು ಸೂಳಗಿರಿಗೆ ಹೋಗಿದ್ದೆ. ಅವಳಿಗೆ ಅಕ್ಷರ ಬಾರದು, ಆದರೆ ಮುಖ ಗುರುತು ಸಿಗದೆ ಇರುತ್ತದೆಯೇ? ಪಂಚಾಂಗದ ಕೆಳಗೆ ಬೈರಮ್ಮನ ಫೋಟೋ ಇದ್ದ ಕಾಗದ ಕಂಡಳು. ಏನೋ ಬೇಕಾದದ್ದು ಮರೆತಿರಬೇಕು ಎಂದುಕೊಂಡು, ಹಾಗೆಯೇ ಎದುರು ಮನೆಗೆ ಹೋಗಿ, "ತಗಳಮ್ಮೀ, ನಿನ್ ಪೋಟೋ ನಮ್ಮ ಪೆಟ್ಟಿಗೇಲಿತ್ತು. ಚೆನ್ನಾಗ್ ಬಂದೈತೆ, ಮದುವೆಣ್ಣು ಇದ್ದಂಗೆ ಇದ್ದೀಯ" ಎಂದು ಕೈಯಲ್ಲಿಟ್ಟು ಬಂದಳು.

ನಾನು ಬಂದಾಗ ಬೈರಮ್ಮ ನನ್ನ ಜಗಲಿಯ ಕೆಳಗೆ ನಿಂತಿದ್ದಳು. ತಲೆಯ ಮೇಲೆ ಸೊಪ್ಪಿನ ಕುಕ್ಕೆ, ಕೈಯಲ್ಲಿ ಫಾರಂ. ಬೈಯುತ್ತಾಳೆ, ಬೀದಿ ಕೂಡಿಸುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ದೊಡ್ಡಪ್ಪಾ, ನಿನ್ನ ಅಕ್ಷರ ಚೆಂದ ಐತೆ. ಹೆಸ್ರು ಗುಂಡಗೆ ಬರ್ದಿದ್ದೀಯ" ಎಂದಳು.

"ಬೈರೀ, ಅದು..."

"ಪೋಟೋ ಮೂರು ತೆಗ್ಸಿದ್ದೆ. ಎರಡವೆ. ಬರೋ ವರ್ಸಕ್ಕೆ ಆಯ್ತದೆ."

ಅಷ್ಟೇ. ಕುಕ್ಕೆ ಅಲುಗದ ಹಾಗೆ ತಿರುಗಿ ಹೋದಳು. ಒಳಗೆ ಬಂದರೆ ಹೆಂಡತಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಅವಳಿಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. "ಇಷ್ಟೊಂದು ಓದಿ ಇದಾ ಕಲ್ತಿದ್ದು?" ಎಂದು ಒಂದು ಮಾತು ಹೇಳಿ, ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು. ಬೈರಮ್ಮ ಊರಿನಲ್ಲಿ ಯಾರಿಗೂ ಹೇಳಲಿಲ್ಲ. ತಮ್ಮನಿಗೂ ಹೇಳಲಿಲ್ಲ. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಆ ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಅದಕ್ಕೂ ಉರಿದುಕೊಂಡೆ.

ಎರಡನೇ ವರ್ಷ ಅವಳು ಯಾರನ್ನೂ ಕೇಳಲಿಲ್ಲ. ಬೆಳಗಿನ ಸೊಪ್ಪು ಹಾಕಿ, ಬಾಗಲೂರಿಗೆ ನಡೆದು ಬಸ್ಸು ಹಿಡಿದು, ತಾನೇ ಹೊಸೂರಿಗೆ ಹೋಗಿ ಫಾರಂ ಕೊಟ್ಟಳು. ಅಲ್ಲಿ ನಡೆದದ್ದನ್ನು ಜಾನಕಮ್ಮ ನಗುತ್ತ ನನ್ನ ಹೆಂಡತಿಗೆ ಹೇಳಿದ್ದನ್ನು ಕೇಳಿದ್ದೇನೆ. ಗುಮಾಸ್ತ, "ಗಂಡನ ಹೆಸರೇನಮ್ಮ?" ಎಂದಾಗ ಇವಳು ಬಾಯಿ ಬಿಡದೆ ಫಾರಮನ್ನು ಮುಂದಕ್ಕೆ ತಳ್ಳಿ ತೋರಿಸಿದಳಂತೆ. ಬರೆದಿತ್ತು. ಆಚೆಗೆ ಬಂದ ಮೇಲೆ ಜಾನಕಮ್ಮ, "ಅದ್ಯಾವಾಗ ಬರೆದ್ಯೇ? ಹೇಳಬಾರದು ಅಂತಿದ್ದೆಯಲ್ಲ?" ಎಂದರೆ, "ಬಾಯಲ್ಲಿ ಹೇಳಬಾರ್ದು ಅಂತವ್ರೆ ಟೀಚರಮ್ಮಾ. ಕೈಯಲ್ಲಿ ಬರೀಬಾರ್ದು ಅಂತ ಯಾರೂ ಅಂದಿಲ್ಲ" ಎಂದಳಂತೆ. ಹೌದಲ್ಲವೇ? ನಮ್ಮ ಹಿರಿಯರು ಆ ಕಟ್ಟು ಮಾಡುವಾಗ ಹೆಂಗಸಿನ ಕೈಗೆ ಅಕ್ಷರ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ಸಣ್ಣ ವಿಷಯ ಇಷ್ಟು ಓದಿದ ನನಗೇ ಹೊಳೆದಿರಲಿಲ್ಲ.

ಆ ವರ್ಷ ಬೆಳೆಯನ್ನು ಹಿಂದಕ್ಕೆ ಹಾಕುವ ಮಾತು ಎತ್ತಲಿಲ್ಲ, ಮುಂದಕ್ಕೆ ಎಳೆಸಿದಳು. ಎಳೆಯ ಸೊಪ್ಪಿಗೇ ಮೊಟ್ಟೆ ತರಿಸಿ, ಪರೀಕ್ಷೆಗೆ ಮೂರು ದಿನ ಮುಂಚೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿ ಮುಗಿಸಿದಳು. ಗೂಡು ಗಟ್ಟಿಯಾಗಿತ್ತು. ವರಲಕ್ಷ್ಮಮ್ಮ ಗೂಡನ್ನು ಬೆರಳಿನಲ್ಲಿ ಅದುಮಿ ನೋಡಿ, "ಲೆಕ್ಕ ಬತ್ತದೆ ಅತ್ಗೆಗೆ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಸರಸಿಯನ್ನು ಸ್ಕೂಲಿಗೆ ಕಳಿಸಬೇಡ ಎಂದು ಆಮೇಲೆ ಹೇಳಲಿಲ್ಲ, ಕಳಿಸು ಎಂದೂ ಹೇಳಲಿಲ್ಲ.

ಐದು ಪೇಪರೂ ಬರೆದಳು. ಐದರಲ್ಲೂ ಪಾಸಾದಳು. ಸರ್ಟಿಫಿಕೇಟನ್ನು ಜಾನಕಮ್ಮನವರೇ ತಂದುಕೊಟ್ಟರು. ನೋಡಲು ಬೀದಿಯವರೆಲ್ಲ ಹೋದರು. ನಾನು ಹೊಟ್ಟೆನೋವು ಎಂದು ಮಲಗಿದ್ದೆ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಎಂಬತ್ತೆರಡರಲ್ಲಿ ಬಾಲವಾಡಿಯ ಕೆಲಸಕ್ಕೆ ಅರ್ಜಿ ಕರೆದರು. ಬೈರಮ್ಮ ಹಾಕಿದ್ದಳು, ನಮ್ಮ ಸುತ್ತಿನಿಂದ ಇನ್ನೂ ಒಂಬತ್ತು ಹೆಂಗಸರು ಹಾಕಿದ್ದರು. ಒಂದು ದಿನ ಬೆಳಿಗ್ಗೆ ಟಪಾಲಿನವನು ಎಂದಿನಂತೆ ಊರಿನ ಕಾಗದಗಳನ್ನೆಲ್ಲ ನನ್ನ ಜಗಲಿಯ ಮೇಲೆ ಇಟ್ಟು ಹೋದ. ಮೇಲೆಯೇ ಸರ್ಕಾರದ ಕಂದು ಲಕೋಟೆ. ಬೈರಮ್ಮನ ಹೆಸರು. ಹುಳು ಮನೆಯಲ್ಲಿ ಸೊಪ್ಪು ಹೆಚ್ಚುವ ಸದ್ದು ಕೇಳಿಸುತ್ತಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ.

ಲಕೋಟೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಸಂಜೆಯವರೆಗೆ ಹಾಗೆಯೇ ಕೂತಿದ್ದೆ. ಊಟಕ್ಕೆ ಏಳಲಿಲ್ಲ. ಎದ್ದರೆ ಹೆಂಡತಿ ನೋಡುತ್ತಾಳೆ. ಏಳದಿದ್ದರೆ ದಿನ ಕಳೆಯುತ್ತದೆ. ಇವಳಿಗೆ ಕೆಲಸ ಸಿಕ್ಕಿತೆಂದರೆ ಊರಿನ ಮಕ್ಕಳಿಗೆಲ್ಲ ಮೊದಲ ಅಕ್ಷರ ಇವಳೇ ಹೇಳಿಕೊಡುತ್ತಾಳೆ. ನನ್ನ ಮೊಮ್ಮಗನಿಗೂ ಇವಳೇ. ಮುನಿವೆಂಕಟಪ್ಪ ಓದುಬಲ್ಲವನು ಎಂದು ಮುಂದೆ ಯಾರಿಗೆ ನೆನಪಿರುತ್ತದೆ? ಬೆಲ್ಲದ ಕಾಗದದಲ್ಲಿ ಕಲಿತ ನನ್ನ ಕಷ್ಟ ಯಾರಿಗೆ ಬೇಕು? ಹೀಗೆ ಉರಿದುಕೊಂಡು ಕೂತಿದ್ದಾಗ ಸರಸಿ ಸ್ಕೂಲಿನಿಂದ ಬಂದಳು. ಹನ್ನೊಂದು ವರ್ಷದ ಹುಡುಗಿ. ಪುಸ್ತಕದ ಚೀಲವನ್ನು ಇನ್ನೂ ಇಳಿಸಿಲ್ಲ, ಒಳಗಿನಿಂದ ಅತ್ತೆ ಕೂಗಿದಳು, ಚೀಲದ ಮೇಲೆಯೇ ಕುಕ್ಕೆ ನೇತು ಹಾಕಿಕೊಂಡು ಆ ಮಗು ತೋಟಕ್ಕೆ ಹೊರಟಿತು. ನನ್ನ ಮುಂದೆ ಹಾಯುವಾಗ, "ತಾತಾ, ಟಪಾಲು ಬಂತಾ?" ಎಂದಿತು. ತಾಯಿ ದಿನಾ ಕೇಳು ಎಂದಿರಬೇಕು.

ತಾಯಿಗೆ ಹೇಳಿದ ಸುಳ್ಳನ್ನು ಅಷ್ಟು ಸಣ್ಣ ಮಗುವಿಗೂ ಹೇಳಲು ನನ್ನಿಂದ ಆಗಲಿಲ್ಲ. ಎದ್ದೆ. ಬೀದಿ ದಾಟಿ ಹೋಗಿ ಹುಳು ಮನೆಯ ಹೊಸ್ತಿಲ ಹೊರಗೆ ನಿಂತು ಕರೆದೆ. ಅವಳು ತಮ್ಮನ ಮನೆಗೆ ಬಂದ ಆ ಏಳು ವರ್ಷದಲ್ಲಿ ನಾನು ಆ ಬಾಗಿಲಿಗೆ ಹೋದದ್ದು ಅದೇ ಮೊದಲು.

ಬೈರಮ್ಮ ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ಲಕೋಟೆ ತೆಗೆದುಕೊಂಡಳು. ಮೊದಲು ಅಂಟಿಸಿದ್ದ ಕಡೆ ತಿರುಗಿಸಿ ನೋಡಿದಳು. ಬಿಚ್ಚಿದ್ದಾರೆಯೇ ಎಂದು. ಅದು ನನಗೆ ಸೇರಬೇಕಾದ ಏಟೇ. ಆಮೇಲೆ ಒಡೆದು ಓದಿಕೊಂಡಳು. ತುಟಿ ಅಲುಗಲಿಲ್ಲ, ಮನಸ್ಸಿನಲ್ಲೇ ಓದುವಷ್ಟು ಪಳಗಿದ್ದಳು.

"ಏನಂತೆ?" ಎಂದೆ.

"ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಬರ್ಬೇಕಂತೆ, ಹೊಸೂರಿಗೆ. ಕೇಳ್ತಾರಂತೆ."

"ಬೈರೀ, ನಾನು ಬತ್ತೀನಿ. ಆ ಕಚೇರಿಯೋರು ನಂಗೆ ಇಪ್ಪತ್ತು ವರ್ಸದಿಂದ ಗೊತ್ತು. ಹೆಂಗಸೊಬ್ಳೇ ಹೋದ್ರೆ ಆಚೆಗೇ ನಿಲ್ಲಿಸ್ತಾರೆ. ನಾನು ಮುಂದೆ ನಿಂತು ಎರಡು ಮಾತಾಡ್ತೀನಿ. ಅಂಥಾ ತಪ್ಪು ಮಾಡ್ದೆ, ಇದೊಂದಾದ್ರೂ ಮಾಡಾನ. ಬ್ಯಾಡ ಅನ್ಬ್ಯಾಡ ಕಣಮ್ಮೀ."

ನಾನು ಮನಸ್ಸಾರೆ ಹೇಳಿದ್ದೇ. ಆದರೂ ಮುಂದೆ ನಿಲ್ಲುವುದು, ಎರಡು ಮಾತಾಡುವುದು ಎನ್ನುವಾಗ ಒಳಗೆ ಏನೋ ಒಂದು ಹಳೆಯ ಆಸೆ ಕಣ್ಣು ಬಿಟ್ಟಿತ್ತು. ಅದನ್ನು ಅವಳು ಕಂಡಿರಬೇಕು. ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಬ್ಯಾಡ ದೊಡ್ಡಪ್ಪಾ. ನೀ ಬಂದ್ರೆ ಅವ್ರು ನಿನ್ನ ಕೇಳ್ತಾರೆ, ನೀ ಹೇಳ್ತೀಯ, ನಾನು ಪಕ್ಕದಾಗೆ ಸೆರಗು ಹಿಡ್ಕಂಡು ನಿಂತ್ಕತೀನಿ. ಕೆಲ್ಸ ಸಿಕ್ರೆ ನೀ ಕೊಡ್ಸಿದ್ದು ಅಂತೀಯ, ಸಿಗ್ದೆ ಹೋದ್ರೆ ನೀ ಕೆಡ್ಸಿದ್ದು ಅಂತ ನಾನಂತೀನಿ. ಎರಡೂ ಬ್ಯಾಡ. ಅವ್ರು ನನ್ನ ಕೇಳ್ಲಿ. ಬಂದಿದ್ದು ಹೇಳ್ತೀನಿ, ಬರ್ದೆ ಇರೋದ್ನ ಬರಾಕಿಲ್ಲ ಅಂತೀನಿ. ಒಬ್ಳೇ ಹೋಗ್ತೀನಿ. ಸೊಪ್ಪು ಬಾಡ್ತದೆ, ನಾ ಒಳಗೋಗ್ಲಾ?"